ಗೋಡೆ ತುಂಬ ಅಪ್ಪ

“ಬುದ್ಧೀ, ಮಠದ ಜಗಲಿಯಲ್ಲಿ ಐದು ಜನರಿಗೆ ಪಾಠ ಹೇಳುತ್ತ ಮೂರು ವರ್ಷವಾಯಿತು. ಈಗ ಐನೂರು ಜನರ ಸಭೆಗೆ ಕರೆ ಬಂದಿದೆ. ಮಾತು ಹೆಚ್ಚು ಜನಕ್ಕೆ ಮುಟ್ಟುವುದೇ ಒಳ್ಳೆಯದಲ್ಲವೆ?” ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಹೊರಡಲು ಚೀಲ ಆಗಲೇ ಕಟ್ಟಿಟ್ಟಿದ್ದ.

ಗುರುಗಳು ಚೀಲವನ್ನೊಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನ ತಾಯಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಹೆಚ್ಚೆಂದರೆ ಇನ್ನೊಂದು ತಿಂಗಳು ಎಂದಿದ್ದರು ವೈದ್ಯರು. ಅಷ್ಟರೊಳಗೆ ತೀರಿಹೋದ ಗಂಡನ ಮುಖವನ್ನು ಒಮ್ಮೆ ನೋಡಬೇಕೆಂದು ಆಕೆಯ ಆಸೆ. ಅವನು ಯಾರದೋ ಮದುವೆಯಲ್ಲಿ ನಗುನಗುತ್ತ ಮಾತಾಡಿದ ಒಂದು ವಿಡಿಯೊ ಮಗನ ಫೋನಿನಲ್ಲಿತ್ತು. ಫೋನಿನ ಚಿತ್ರ ಆಕೆಗೆ ಕಾಣುತ್ತಿರಲಿಲ್ಲ. ದರ್ಜಿ ಒಂದು ಪ್ರೊಜೆಕ್ಟರ್ ತಂದ.

ಅಳತೆಯಲ್ಲಿ ಅವನದು ಪಳಗಿದ ಕೈ. ಯಂತ್ರ ಗೋಡೆಯಿಂದ ಒಂದೂವರೆ ಅಡಿ ದೂರವಿದ್ದರೆ ಚಿತ್ರ ಒಂದಡಿ ಅಗಲ ಬೀಳುತ್ತದೆಂದು ಟೇಪು ಹಿಡಿದು ಕಂಡುಕೊಂಡ. ಕೋಣೆ ಒಂಬತ್ತಡಿ ಇತ್ತು, ಚಿತ್ರ ಆರಡಿ ಬಿತ್ತು.

“ಅವರೇ ಕಣಪ್ಪ. ಸ್ವಲ್ಪ ಮಸುಕು,” ಎಂದಳು ತಾಯಿ.

ಮಸುಕೆಂದರೆ ಚಿಕ್ಕದಾಯಿತೆಂದು ಅವನು ತಿಳಿದ. “ತಡಿಯವ್ವ, ಗೋಡೆ ತುಂಬ ತೋರಿಸ್ತೀನಿ.”

ದರ್ಜಿಗಳ ಲೆಕ್ಕವೇ ಹಾಗೆ. ಬೆಳೆಯುವ ಮಕ್ಕಳ ಅಂಗಿಗೆ ಎರಡಿಂಚು ಬಟ್ಟೆ ಹೆಚ್ಚಿಗೆ ಮಡಚಿ ಹೊಲಿಯುತ್ತಾರೆ. ದೊಡ್ಡದಾದರೆ ಹೇಗೋ ಸರಿಮಾಡಬಹುದು, ಚಿಕ್ಕದಾದರೆ ಕೆಟ್ಟಿತು. ಅವನು ಕೋಣೆಗೂ ಅಂಗಡಿಗೂ ನಡುವಿದ್ದ ಹಲಗೆಯ ಮರೆಯನ್ನು ಕಿತ್ತು ಹದಿನೆಂಟಡಿ ಜಾಗ ಮಾಡಿದ. ಬಿಳಿ ಬಟ್ಟೆ ಜೋಡಿಸಿ ಹನ್ನೆರಡಡಿ ಅಗಲದ ಪರದೆ ಹೊಲಿದ. ಅಪ್ಪನ ಮುಖದ ಮೇಲೆ ಗೆರೆ ಬೀಳಬಾರದೆಂದು ಹೊಲಿಗೆ ಬಿಚ್ಚಿ ಮತ್ತೆ ಹೊಲಿದ. ಹದಿನೈದು ದಿನ ಹೋಯಿತು. ಪಾಪ, ಮಾಡಿದ್ದೆಲ್ಲ ಪ್ರೀತಿಯಿಂದಲೇ. ತಾಯಿಯನ್ನು ಮಾತ್ರ ಮತ್ತೊಂದು ಮಾತು ಕೇಳಲಿಲ್ಲ.

ಹದಿನಾರನೆಯ ದಿನ ಬಾಗಿಲು ಕಿಟಕಿ ಮುಚ್ಚಿ ಯಂತ್ರ ಹಚ್ಚಿದ. ದೂರ ಎರಡರಷ್ಟಾಗಿತ್ತು, ಚಿತ್ರ ನಾಲ್ಕರಷ್ಟು ಜಾಗಕ್ಕೆ ಹರಡಿತ್ತು. ದೀಪ ಮಾತ್ರ ಅದೇ ಇತ್ತು. ತಾಯಿ ಬಹಳ ಹೊತ್ತು ನೋಡಿದಳು.

“ಬೆಳಕೇನೋ ಕಾಣ್ತದೆ ಮಗಾ. ಅವರು ಕಾಣ್ತಿಲ್ಲ.”

ದರ್ಜಿ ತಾಯಿಯನ್ನು ಪರದೆಯ ಪಕ್ಕಕ್ಕೇ ಕರೆತಂದು ಕೂರಿಸಿದ. ಯಂತ್ರವನ್ನು ಎತ್ತಿಕೊಂಡು ಮುಂದೆ ಮುಂದೆ ಬಂದ. ಹನ್ನೆರಡಡಿಯ ಚಿತ್ರ ಆರಾಯಿತು, ಮೂರಾಯಿತು. ಪರದೆಗೆ ಮೂರಡಿಯಲ್ಲಿ ನಿಂತು ಮಸೂರದ ತಿರುಪು ತಿರುಗಿಸಿದಾಗ ಅಪ್ಪನ ಮುಖ ಮನುಷ್ಯನ ಮುಖದಷ್ಟೇ ಆಗಿ ಝಗ್ಗನೆ ಬೆಳಗಿತು. ಆ ಬೆಳಕು ಮೊದಲ ದಿನವೂ ಅದೇ ಯಂತ್ರದಲ್ಲಿತ್ತು ಎಂಬುದು ಅವನಿಗೆ ಆಗ ಹೊಳೆಯಿತು.

ತಾಯಿ ಕೈ ಚಾಚಿದಳು. ಗಂಡನ ಕೆನ್ನೆ ಅವಳ ಕೈ ಮೇಲೆ ಬಿತ್ತು.

“ನಗ್ತಿದಾರೆ, ಅಲ್ವೇನೋ?” ಎಂದು ಮಗನನ್ನು ಕೇಳಿದಳು.

ಹದಿನೈದು ದಿನದ ಹಿಂದಾಗಿದ್ದರೆ ಆಕೆ ಅದನ್ನು ಕೇಳಬೇಕಾಗಿರಲಿಲ್ಲ. ಹೌದವ್ವ ಎಂದು ದರ್ಜಿ ಯಂತ್ರವನ್ನು ಅಲುಗದಂತೆ ಹಿಡಿದು ನಿಂತ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ತಡೆದು ತಡೆದು ಕೇಳಿದ: “ಹಾಗಾದರೆ ನಾನು ಸಭೆಗೆ ಹೋಗಬಾರದೆ ಬುದ್ಧೀ?”

“ಹೋಗಪ್ಪ. ಜಗಲಿಯ ಆ ಐವರಲ್ಲಿ ಯಾರ ಕಣ್ಣು ಮಂಜಾಗುತ್ತಿದೆ ಎಂದು ನನಗೆ ಹೇಳಿ ಹೋಗು.”

ಮುರಿಗೆಯ್ಯ ಚೀಲವನ್ನು ಅಲ್ಲೇ ಬಿಟ್ಟು ಜಗಲಿಯ ಕಡೆಗೆ ನಡೆದ.