ಬೇರು ಕಟ್ಟಿದ ಗಂಟು

ವಿಜ್ಞಾನಿ ನೀಲಾಂಬಿಕಾ ಅವರ ಗಾಜಿನ ಮನೆಯಲ್ಲಿ ಒಂದು ತೊಗರಿ ಗಿಡವಿತ್ತು. ಪಕ್ಕದ ಗಿಡ ಶಿಲೀಂಧ್ರ ಹೊಕ್ಕು ನಿಂತಲ್ಲೇ ಒಣಗಿ ಹೋದಂದಿನಿಂದ ಅದರ ಬೇರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಒಂದು ದಿನ ಮಣ್ಣಿನ ಸೂಕ್ಷ್ಮಾಣುವೊಂದು ಬಂದು ಕರೆಯಿತು. "ಬೇರಕ್ಕಾ, ನಮಗೆ ಇರಲು ಜಾಗ, ತಿನ್ನಲು ಒಂದಿಷ್ಟು ಸಕ್ಕರೆ ಕೊಡು. ಗಾಳಿಯ ಸಾರಜನಕವನ್ನು ನಿನಗೆ ಗೊಬ್ಬರ ಮಾಡಿ ಕೊಡುತ್ತೇವೆ."

"ಪಕ್ಕದವಳನ್ನು ಕೊಂದವನೂ ಹೀಗೇ ನಯವಾಗಿ ಮಾತಾಡಿದ್ದ. ನಡೆ ಆಚೆ," ಎಂದಿತು ಬೇರು.

ಎಲೆಗಳು ಹಳದಿಯಾದವು. ನೀಲಾಂಬಿಕಾ ಎಲೆಗಳನ್ನು ತಿರುಗಿಸಿ ನೋಡಿ, "ರೋಗ ಏನೂ ಇಲ್ಲ. ಪಾಪ, ಹಸಿದಿದೆ," ಎಂದರು. ಆ ಮಾತು ಬೇರಿಗೆ ಚುಚ್ಚಿತು. ಅದು ಸೂಕ್ಷ್ಮಾಣುವನ್ನು ಮತ್ತೆ ಕರೆಯಿತು.

"ನಿನ್ನನ್ನು ಹೇಗೆ ನಂಬಲಿ?"

"ನಂಬಬೇಡ. ಒಂದು ಗಂಟು ಕಟ್ಟಿ ನಮ್ಮನ್ನು ಅದರೊಳಗೆ ಇಟ್ಟುಕೋ. ನಾವು ಉಸಿರಾಡುವ ಗಾಳಿ ನಿನ್ನ ಕೈಯಲ್ಲೇ ಇರಲಿ. ಕೆಲಸ ಮಾಡದಿದ್ದರೆ ನಿಲ್ಲಿಸಿಬಿಡು."

ಬೇರು ಅಂಜುತ್ತಲೇ ಕೆಲವು ಗಂಟು ಕಟ್ಟಿತು. ಸೂಕ್ಷ್ಮಾಣು ತನ್ನ ಬಳಗದೊಂದಿಗೆ ಒಂದನ್ನು ಹೊಕ್ಕಿತು, ಉಳಿದವುಗಳಲ್ಲಿ ಬೇರೆಯವರು ಸೇರಿಕೊಂಡರು. ಚಿಗುರು ಹಸಿರಾಯಿತು. ಆದರೆ ಒಂದು ಗಂಟಿನವರು ಸಕ್ಕರೆ ತಿಂದು ಸುಮ್ಮನೆ ಮಲಗಿದರು. ಬೇರು ಅವರ ಗಾಳಿ ನಿಲ್ಲಿಸಿತು. ಆ ಗಂಟು ಬಾಡಿಹೋಯಿತು.

ಮೊದಲು ಬಂದ ಸೂಕ್ಷ್ಮಾಣು ಕೇಳಿತು, "ಅಕ್ಕಾ, ಇನ್ನು ನಮ್ಮನ್ನೂ ಹೊರಗೆ ಹಾಕುತ್ತೀಯಾ?"

ಎಲ್ಲ ಬಾಗಿಲನ್ನೂ ಮುಚ್ಚಿಬಿಡೋಣ ಎಂದು ಬೇರಿಗೂ ಒಂದು ಕ್ಷಣ ಅನ್ನಿಸಿತ್ತು. ಆದರೆ ಇವರ ಗೊಬ್ಬರದಿಂದಲೇ ಮೇಲೆ ಗಿಡ ಮೊಗ್ಗು ಬಿಡುತ್ತಿರುವುದು ಅದಕ್ಕೆ ಗೊತ್ತಿತ್ತು.

"ಸ್ವಲ್ಪ ಸರಿದುಕೊಳ್ಳಿ," ಎಂದಿತು ಬೇರು. "ನಿಮ್ಮ ಗಂಟನ್ನು ಇನ್ನಷ್ಟು ದೊಡ್ಡದು ಮಾಡುತ್ತೇನೆ."