ಸೊಂಟದಲ್ಲಿರಬೇಕಾದ ಫ್ಯೂಸ್

ಹೊಳೆ ದಂಡೆಯ ಆ ಆಶ್ರಮದಲ್ಲಿ ಧ್ಯಾನ ಕಲಿಸುವವರು ಬೇಕಾದಷ್ಟು ಜನ ಇದ್ದರು. ವೈರಿಂಗ್ ಕಲಿಸುವವನು ಮೈಲಾರಪ್ಪ ಒಬ್ಬನೇ. ಅವನನ್ನು ಗುರುಗಳೇ ಎಂದು ಕರೆಯುತ್ತಿದ್ದವನೂ ಒಬ್ಬನೇ, ಕೊಟ್ರೇಶ.

ಮೊದಲ ದಿನ ಮೈಲಾರಪ್ಪ ಅವನ ಮುಂದೆ ಒಂದು ತುಂಡು ತಾಮ್ರದ ತಂತಿ ಇಟ್ಟ. ಪಕ್ಕದಲ್ಲಿ, ಕಂಬದ ಮೇಲೆ ತಂತಿಗೆ ಆಸರೆ ಕೊಡುವ ಬಿಳಿ ಪಿಂಗಾಣಿ.

"ಯಾವುದು ದೊಡ್ಡದು?"

"ತಾಮ್ರ. ಕರೆಂಟ್ ಹರಿಯೋದು ಅದರಲ್ಲೇ ಅಲ್ವಾ ಗುರುಗಳೇ?"

"ತಾಮ್ರಕ್ಕೆ ಒಲ್ಲೆ ಅನ್ನೋಕೆ ಬರಲ್ಲ ಕಣೋ. ಆ ತುದೀಲಿ ಯಾರು ತಳ್ಳಿದ್ರೂ ಈ ತುದಿಗೆ ದಾಟಿಸ್ತೈತೆ. ಪಿಂಗಾಣಿ ಒಲ್ಲೆ ಅಂತೈತೆ. ಅದಕ್ಕೇ ನಾವು ಕಂಬದ ಕೆಳಗೆ ನೆಮ್ಮದಿಯಾಗಿ ಓಡಾಡ್ತೀವಿ."

"ಕಟ್ಟಿಗೆ?"

"ಒಣಗಿದ್ರೆ ಒಲ್ಲೆ ಅಂತೈತೆ. ನೆಂದ್ರೆ ದಾಟೋಕೆ ಬಿಡ್ತೈತೆ."

"ಮನುಷ್ಯ?"

"ಬೆವರಿದ್ರೆ ಬಿಡ್ತಾನೆ."

ಕೊಟ್ರೇಶ ನಕ್ಕ. ಮೈಲಾರಪ್ಪ ನಗಲಿಲ್ಲ.

ಅವನದೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಕಂಬ ಹತ್ತುವವನು ಮೊದಲು ಫ್ಯೂಸ್ ಕೀಳಬೇಕು, ಕಿತ್ತಿದ್ದನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು ಹತ್ತಬೇಕು. ಹೆತ್ತ ತಾಯಿ ಕೇಳಿದರೂ ಕೊಡಬಾರದು. ಫ್ಯೂಸ್ ಸೊಂಟದಲ್ಲಿದ್ದರೆ ಕೆಳಗೆ ಯಾರೂ ಲೈನ್ ಚಾಲೂ ಮಾಡಲಾರರು.

ಮೂರು ವರ್ಷ ಕಳೆಯಿತು. ಆಶ್ರಮದ ವಾರ್ಷಿಕ ಸಮಾರಂಭದ ದಿನ ಬೆಳಿಗ್ಗೆ ಊಟದ ಮನೆಯ ಹಿಂದಿನ ಕಂಬದಲ್ಲಿ ತಂತಿ ಸಡಿಲಾಗಿತ್ತು. ಮೈಲಾರಪ್ಪ ಇಡೀ ಆಶ್ರಮದ ಲೈನಿನ ಫ್ಯೂಸ್ ಕಿತ್ತ.

"ಗುರುಗಳೇ, ಅದನ್ನ ನನ್ನ ಕೈಗೆ ಒಂದು ದಿನಾನೂ ಕೊಟ್ಟಿಲ್ಲ ನೀವು. ಇನ್ನೂ ನನ್ನ ಮೇಲೆ ನಂಬಿಕೆ ಬಂದಿಲ್ವಾ?"

ಮೈಲಾರಪ್ಪ ಅವನ ಮುಖವನ್ನೇ ನೋಡಿದ. ಪಾಪ, ಮೈಲಾರಪ್ಪನಿಗೆ ಮಕ್ಕಳಿರಲಿಲ್ಲ. ಫ್ಯೂಸನ್ನು ಕೊಟ್ರೇಶನ ಅಂಗೈಯಲ್ಲಿಟ್ಟ.

"ನನ್ನ ಜೀವ ಇದು. ನಾನೇ ಇಳಿದು ಬಂದು ಕೈ ಒಡ್ಡಬೇಕು, ಆಗ ಕೊಡು."

ಅವನು ಹೋಗಿ ಕಂಬ ಹತ್ತಿದ. ಕೊಟ್ರೇಶ ಫ್ಯೂಸ್ ಬೋರ್ಡಿನ ಹತ್ತಿರ ನಿಂತ.

ಅಷ್ಟರಲ್ಲಿ ಮ್ಯಾನೇಜರ್ ಸಂಗಯ್ಯ ಓಡಿ ಬಂದ. ಹಿಂದೆ ಇಸ್ತ್ರಿ ಬಟ್ಟೆ ತೊಟ್ಟ ನಾಲ್ಕು ಜನ.

"ಲೇ, ಅತಿಥಿಗಳು ವೇದಿಕೆ ಮೇಲೆ ಕೂತವ್ರೆ, ಮೈಕ್ ಸತ್ತೈತೆ! ಹಾಕು ಫ್ಯೂಸು!"

"ಗುರುಗಳು ಕಂಬದ ಮೇಲವ್ರೆ ಸ್ವಾಮಿ."

"ಆಗ್ಲೇ ಇಳಿದ. ನಾನೇ ನೋಡ್ದೆ. ಹಾಕ್ತೀಯೋ, ಗಂಟುಮೂಟೆ ಕಟ್ತೀಯೋ?"

ಅಲ್ಲಿಂದ ಕಂಬ ಕಾಣುತ್ತಿರಲಿಲ್ಲ. ಊಟದ ಮನೆಯ ಮೂಲೆವರೆಗೆ ಹೋದರೆ ಕಾಣುತ್ತಿತ್ತು. ನಲವತ್ತು ಹೆಜ್ಜೆ! ಥೂ, ನಲವತ್ತೇ ಹೆಜ್ಜೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಕೊಟ್ರೇಶ ಫ್ಯೂಸ್ ಹಾಕಿದ.

ಮೈಕ್ ಮಾತಾಡಿತು. ಊಟದ ಮನೆಯ ಹಿಂದೆ ಹೆಂಗಸರು ಚೀರಿದರು.

ಮೈಲಾರಪ್ಪ ಸಾಯಲಿಲ್ಲ. ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮೊಣಕೈವರೆಗೆ ತೆಗೆದರು. ಎಡಗೈಗೆ ಬ್ಯಾಂಡೇಜು.

ಕೊಟ್ರೇಶ ಮಂಚದ ಕಾಲ ಬಳಿ ಕೂತು ಅತ್ತ. ನಿಜವಾಗಿಯೇ ಅತ್ತ.

"ಇಳಿದಿದ್ದೀರಿ ಅಂತ ಹೇಳಿದ್ರು ಗುರುಗಳೇ."

"ನಾನು ಕೈ ಒಡ್ಡಿದ್ನಾ?"

"ಇಲ್ಲ."

"ಬೆವರಿದ್ಯಾ?"

"ಹೂಂ," ಅಂದ ಕೊಟ್ರೇಶ.

ಮೈಲಾರಪ್ಪ ಕಣ್ಣು ಮುಚ್ಚಿದ. "ತಪ್ಪು ನಂದೂ ಐತೆ. ಸೊಂಟದಲ್ಲಿ ಇರಬೇಕಾದ್ದನ್ನ ಪ್ರೀತಿಗೆ ಕೊಟ್ಟೆ. ಹೋಗ್ಲಿ, ನೀರು ಕುಡಿಸು."

ಆ ಒಂದು ಮಾತಿಗೆ ಕೊಟ್ರೇಶನಿಗೆ ಹೋದ ಜೀವ ಬಂದಂತಾಯಿತು. ತನ್ನನ್ನು ಅಟ್ಟಲಿಲ್ಲ ಗುರು. ಲೋಟಕ್ಕೆ ನೀರು ಬಗ್ಗಿಸುತ್ತಿದ್ದ, ಅಷ್ಟರಲ್ಲಿ ಸಂಗಯ್ಯ ಕಾಗದ ಹಿಡಿದು ಒಳಗೆ ಬಂದ.

"ಬಾರೋ, ಸಾಕ್ಷಿ ಅಂತ ಇಲ್ಲೊಂದು ಸೈನ್ ಹಾಕು. ಮೈಲಾರಪ್ಪ ತಾನೇ ಫ್ಯೂಸ್ ಕೀಳದೆ ಹತ್ತಿದ ಅಂತ ಬರೆದೈತೆ. ಆಶ್ರಮದ ಮಾನ ಉಳೀಬೇಕಲ್ಲಪ್ಪ. ನಾಳೆಯಿಂದ ಅಲ್ಲಿ ನೀನೇ ವೈರ್‌ಮನ್."

ಕೊಟ್ರೇಶ ಗುರುವಿನ ಕಡೆ ನೋಡಿದ. ಮೈಲಾರಪ್ಪ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದ.

"ಏನೋ, ಒಲ್ಲೆ ಅಂತೀಯಾ?" ಅಂದ ಸಂಗಯ್ಯ.

ಕೊಟ್ರೇಶ ಪೆನ್ನು ತಗೊಂಡ. ಅಂಗೈ ಒದ್ದೆಯಾಗಿ ಪೆನ್ನು ಜಾರುತ್ತಿತ್ತು. ಎರಡನೇ ಸಲಕ್ಕೆ ಸೈನ್ ಬಿತ್ತು. ಸಂಗಯ್ಯ ಅವನ ಬೆನ್ನು ತಟ್ಟಿ ಹೊರಟುಹೋದ.

ಕೊಟ್ರೇಶ ಲೋಟ ಎತ್ತಿಕೊಂಡು, ಗುರುವಿನ ತಲೆ ಎತ್ತಲು ಇನ್ನೊಂದು ಕೈ ಚಾಚಿದ.

ಮೈಲಾರಪ್ಪ ಹಾಸಿಗೆಯ ಆಚೆ ಅಂಚಿಗೆ ಸರಿದ.

"ಮುಟ್ಟಬೇಡ. ನಿನ್ನೊಳಗೆ ಲೈನ್ ಇನ್ನೂ ಚಾಲೂ ಐತೆ."