ನಿಂಬೆವ್ವನ ನೀಲಿ ಗುಡಾಣ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನೂ ಹುಟ್ಟಿರದ ಕಾಲಕ್ಕೆ, ಕೆಂದೂಳಿ ಅನ್ನೋ ನೇಕಾರರ ಊರಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳಂತೆ. ದೊಡ್ಡ ಮಣ್ಣಿನ ಗುಡಾಣದಲ್ಲಿ ನೀಲಿ ಕಟ್ಟಿ ನೂಲಿಗೆ ಬಣ್ಣ ಹಾಕುವವಳು. ಒಗೆದೊಗೆದು ಸೀರೆ ಹರಿಯಬೇಕೇ ಹೊರತು ಅವಳ ಬಣ್ಣ ಬಿಡುತ್ತಿರಲಿಲ್ಲವಂತೆ. ಮುಗಿಲೇ ಅವಳಲ್ಲಿಗೆ ಬಂದು ಬಣ್ಣ ಹಾಕಿಸಿಕೊಂಡು ಹೋಗುತ್ತಿತ್ತು ಅಂತಲೂ ಹೇಳುತ್ತಾರೆ.

ಆ ನೀಲಿಗೆ ಜೀವವಿತ್ತು. ಮೊಸರಿನ ಹಾಗೆ, ಒಂದು ಚಂಬು ಹೆಪ್ಪು ಒಯ್ದರೆ ಯಾರ ಮನೆಯಲ್ಲೂ ಹೊಸ ಗುಡಾಣ ಏಳುತ್ತಿತ್ತು. ನೀಲಿ ಎಲ್ಲರದು ಅಂತ ನಿಂಬೆವ್ವ ಕೇಳಿದವರಿಗೆಲ್ಲ ಕೊಟ್ಟಳು. ಕಾಯುವುದನ್ನೂ ಹೇಳಿಕೊಟ್ಟಳು: ದಿನಾ ಕಲಕಬೇಕು, ಬೆಲ್ಲ ಸುಣ್ಣ ಹಾಕಬೇಕು, ಚಳಿಗೆ ಸುತ್ತ ಹೊಟ್ಟಿನ ಕಾವು ಇಡಬೇಕು. ಕೇಳಿಸಿಕೊಂಡರು, ಹೋದರು, ಮರೆತರು. ಗುಡಾಣ ಕೆಟ್ಟಾಗ ಮತ್ತೆ ಚಂಬು ಹಿಡಿದು ಅವಳ ಬಾಗಿಲಿಗೇ ಬಂದರು. ಮಲ್ಲಶೆಟ್ಟಿ ಅನ್ನೋ ವ್ಯಾಪಾರಿಯಂತೂ ಆ ನೀಲಿಯ ಸೀರೆ ಮಾರಿ ಮಾಳಿಗೆ ಮನೆ ಕಟ್ಟಿಸಿದ. ಒಂದು ದಿನವೂ ಬಂದು ಗುಡಾಣ ಇಣುಕಿ ನೋಡಿದವನಲ್ಲ.

ತನಗೆ ವಯಸ್ಸಾಯಿತು, ಒಬ್ಬೊಬ್ಬರು ಒಂದೊಂದು ದಿನ ಬಂದು ಕಲಕಿ ಅಂತ ಅವಳು ಮನೆಮನೆಗೆ ಹೋಗಿ ಕೇಳಿದಳಂತೆ. ನೀನಿದ್ದೀಯಲ್ಲ ಅಂದರಂತೆ ಎಲ್ಲರೂ.

ಒಂದು ಚಳಿಗಾಲ ನಿಂಬೆವ್ವ ಜ್ವರ ಬಂದು ಮಲಗಿದಳು. ಅವಳ ಗುಡಾಣ ತಣ್ಣಗಾಯಿತು; ಉಳಿದವರವು ಆಗಲೇ ಕೆಟ್ಟಿದ್ದವು. ಆಗ ಬಂದರು ನೋಡಿ, ಊರಿಗೆ ಊರೇ! ಗಂಜಿ ತಂದರೇ? ಹಣೆ ಮುಟ್ಟಿ ನೋಡಿದರೇ? ಬರೀ ಚಂಬು ತಂದಿದ್ದರು! ಮಲ್ಲಶೆಟ್ಟಿ ಹೊಸ್ತಿಲಲ್ಲೇ ನಿಂತು ಕೂಗಾಡಿದ, "ನಿನ್ನಿಂದ ನನ್ನ ಮಗ್ಗ ನಿಂತವು. ಗುಡಾಣ ನನ್ನ ಅಂಗಳಕ್ಕೆ ಕೊಟ್ಟುಬಿಡು, ಬೀಗ ಹಾಕಿ ನಾನೇ ಕಾಯ್ತೀನಿ."

ಮೈಯೊಳಗಿನ ಜ್ವರವೆಲ್ಲ ನಿಂಬೆವ್ವನ ಕಣ್ಣಿಗೆ ಬಂತು. ಗೋಡೆ ಹಿಡಿದು ಎದ್ದಳು.

"ನೀಲಿ ಎಲ್ಲರದು ಅಂದಿದ್ದೆ, ಹೌದು. ದುಡಿಮೆ ನನ್ನೊಬ್ಬಳದೇ ಅಂತ ಯಾವಾಗ ಅಂದಿದ್ದೆ?"

ಕಲಕುವ ಕೋಲನ್ನು ಅವನ ಕಾಲ ಬುಡಕ್ಕೆ ಎಸೆದಳು. "ಕಲಕು, ಶೆಟ್ಟಿ. ಇಲ್ಲಾಂದರೆ ಇದು ನಿಮ್ಮೆಲ್ಲರ ಕಣ್ಣೆದುರೇ ಸಾಯಲಿ. ಬೀಗಕ್ಕೆ ಮಾತ್ರ ಕೊಡೋದಿಲ್ಲ."

ಗುಡಾಣ ಸತ್ತರೆ ಮಗ್ಗವೂ ಸತ್ತಂತೆ ಅಂತ ಎಲ್ಲರಿಗೂ ಗೊತ್ತಿತ್ತು. ಕಡೆಗೆ ಶೆಟ್ಟಿಯೇ ಬಗ್ಗಿ ಕೋಲು ಎತ್ತಿಕೊಂಡ. ಅವನ ಕೈ ಸೋತಾಗ ಇನ್ನೊಬ್ಬ, ಅವನ ಕೈ ಸೋತಾಗ ಮತ್ತೊಬ್ಬ. ಹೆಂಗಸರು ಹೊಟ್ಟು ತಂದು ಕಾವಿಟ್ಟರು, ಅವಳಿಗೆ ಗಂಜಿ ಕುಡಿಸಿದರು. ನೀಲಿ ಮತ್ತೆ ನೊರೆ ಕಟ್ಟಿತು. ಗುಡಾಣವನ್ನು ಊರ ಚಾವಡಿಗೆ ಸಾಗಿಸಿ, ಮನೆಗೊಂದು ಪಾಳಿ ಕಟ್ಟಿದರು.

ನಿಂಬೆವ್ವ ಆಮೇಲೆ ಬಹಳ ಕಾಲ ಬದುಕಿದಳಂತೆ, ಪಾಳಿ ತಪ್ಪಿಸಿದವರನ್ನು ಬೈಯುತ್ತಾ. ಅವಳ ಹೆಸರಲ್ಲಿ ಗುಡಿ ಕಟ್ಟುತ್ತೇವೆ ಅಂತ ಹೋದವರನ್ನೂ ಬೈದು ಓಡಿಸಿದಳಂತೆ. ಪೂಜೆ ಮಾಡಿ ಕೈತೊಳೆದುಕೊಳ್ಳೋದು ಸುಲಭ, ಪಾಳಿಗೆ ಬನ್ನಿ ಅಂದಳಂತೆ.

ಅದಕ್ಕೇ ಕೆಂದೂಳಿಯಲ್ಲಿ ಅವಳಿಗೆ ಗುಡಿಯಿಲ್ಲ. ಆದರೆ ಈಗಲೂ ಅಲ್ಲಿ ಹೆಪ್ಪು ಕೇಳಲು ಹೋದವರು ಮೊದಲು ಎರಡೂ ಕೈ ಚಾಚಬೇಕು. ಉಗುರಲ್ಲಿ ನೀಲಿ ಇಲ್ಲದವನಿಗೆ, ಎಷ್ಟೇ ದೊಡ್ಡವನಾಗಿರಲಿ, ಒಂದು ಹನಿಯೂ ಇಲ್ಲ.